ತೇಲಿದ ಟಾಕಿ

ಸುಟ್ಟ ಸುಣ್ಣದ ಕಲ್ಲಿಗೆ ನೀರು ತಾಗಿದರೆ ಏನಾಗುತ್ತದೆ ಅಂತ ಬಲ್ಲವರು ಯಾರೂ ಅದನ್ನು ಹರಿಗೋಲಿನಲ್ಲಿ ಹೇರಿಕೊಂಡು ಹೊಳೆ ದಾಟುವುದಿಲ್ಲ. ಕೊತಕೊತ ಕುದಿಯುತ್ತದೆ, ಚೀಲ ಸುಡುತ್ತದೆ, ಪಕ್ಕದಲ್ಲಿ ಕೂತವರ ಚರ್ಮವೂ ಉಳಿಯುವುದಿಲ್ಲ. ಆದರೆ ಆ ದಿನ ಗುಲಾಮ ದಸ್ತಗೀರ ಮಿಸ್ತ್ರಿಗೆ ಬೇರೆ ದಾರಿ ಇರಲಿಲ್ಲ. ಶಹಾಬಾದದ ಭಟ್ಟಿಯ ಸುಣ್ಣ ಚಿತ್ತಾಪುರ ಮುಟ್ಟಬೇಕು, ಅಲ್ಲಿ ಒಂದು ವಾಡೆಯ ಮಾಳಿಗೆ ಅರ್ಧಕ್ಕೆ ನಿಂತಿದೆ, ನಡುವೆ ಕಾಗಿಣಾ ಹೊಳೆ ತುಂಬಿ ಹರಿಯುತ್ತಿದೆ!

ಮಿಸ್ತ್ರಿ ಸುಣ್ಣದ ಚೀಲಗಳ ಮೇಲೆ ಕೂತ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ. ಬಾಯಿ ಮಾತ್ರ ಒಂದೇ ಸಮನೆ ದೇವರನ್ನು ಕರೆಯುತ್ತಿತ್ತು. ಮಾಳಿಗೆ, ನೀರು ತುಂಬಿಡುವ ಹೌದ, ಬಾವಿಯ ಕಟ್ಟೆ ಅಂತ ಜೀವಮಾನವಿಡೀ ನೀರಿನ ಜೊತೆ ಗುದ್ದಾಡಿದ ಮನುಷ್ಯನಿಗೆ ನೀರೆಂದರೆ ಪ್ರಾಣಭಯ ಅಂದರೆ ಯಾರು ನಂಬುತ್ತಾರೆ! ಹುಟ್ಟು ಹಾಕುತ್ತಿದ್ದವನು ಅಂಬರಾಯ, ಹೊಳೆ ದಂಡೆಯ ಅಂಬಿಗರ ಮನೆಯವನು. ಆಗಿನ್ನೂ ಮೀಸೆ ಸರಿಯಾಗಿ ಬಲಿಯದ ವಯಸ್ಸು.

"ಕಣ್ಣ ತೆಗಿರಿ ಮಾಮಾ, ದಂಡಿ ಬಂತು."

"ನನ್ನ ಕಣ್ಣಿನ ಚಿಂತಿ ನಿನಗ್ಯಾಕ? ಮೊದಲ ಚೀಲ ನೋಡು. ಹಸಿ ಆಗ್ಯಾವೇನು?"

"ಹಸಿ ಆಗಿದ್ರ ಇಷ್ಟೊತ್ತಿಗೆ ನೀವು ಬೆಂದಿರತಿದ್ರಿ."

ಮಿಸ್ತ್ರಿ ಕೆಳಗಿಳಿದ, ಚೀಲ ಮುಟ್ಟಿ ನೋಡಿದ. ಒಣಗಿದ್ದವು. ಬುಡದ ಚೀಲವೂ ಒಣಗಿತ್ತು! ಹರಿಗೋಲನ್ನು ಬೋರಲು ಹಾಕಿಸಿ, ಅದರ ಬೆನ್ನ ಮೇಲೆ ಅಂಗೈ ಆಡಿಸಿದ. ಬಿದಿರಿನ ಹೆಣಿಗೆ, ಅದರ ಮೇಲೆ ಗೋಣಿತಟ್ಟು, ತಟ್ಟಿನ ಮೇಲೆ ಡಾಂಬರು, ಮತ್ತೆ ತಟ್ಟು, ಮತ್ತೆ ಡಾಂಬರು. ಎಲ್ಲೂ ಒಂದು ಗುಳ್ಳೆಯಿಲ್ಲ, ಸುಕ್ಕಿಲ್ಲ.

"ಯಾರು ಹಚ್ಚಿದ್ದು?"

"ನಾನೇರಿ."

"ಸೋರಂಗಿಲ್ಲ ಅಂತ ಹ್ಯಾಂಗ ಗೊತ್ತಾತು ನಿನಗ?"

"ನಮ್ಮಲ್ಲಿ ಒಂದು ರೂಢಿ ಅದರಿ. ಡಾಂಬರ ಹಚ್ಚಿದಾವ ತನ್ನ ಹೇಂತೀನ ಕುಂದರಿಸಿಕೊಂಡು ಮೊದಲ ಹೊಳಿ ದಾಟಬೇಕು. ಆಮ್ಯಾಲ ಊರ ಮಂದಿ."

"ಹೇಂತಿ ಒಪ್ಪತಾಳೇನು?"

ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಮಾಣಿಕಮ್ಮ ಅಲ್ಲಿಂದಲೇ ಕೂಗಿದಳು: "ಒಪ್ಪಲಾರದೆ ಏನ್ ಮಾಡ್ಲಿರಿ? ಸೋರಿದ್ರ ಬೈಲಿಕ್ಕೆ ಬಾಜೂಕ ಯಾರರೆ ಬೇಕಲ್ಲ!"

ಮಿಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕ. ಆ ನಗುವೇ ಅಂಬರಾಯನ ಬದುಕಿನ ದಿಕ್ಕು ತಿರುಗಿಸಿತು. ಕೆಲವು ವರ್ಷಗಳ ಮೇಲೆ ಹೊಳೆಗೆ ಸೇತುವೆ ಬಂತು, ಗಾಡಿಗಳು ಹರಿಗೋಲಿನ ಕಡೆ ತಿರುಗಿಯೂ ನೋಡದಂತಾದವು. ಅಂಬಿಗರ ದಂಡೆ ಬಿಕೋ ಅಂದಿತು. ಆಗ ವಾಡಿಯಲ್ಲಿದ್ದ ಮಿಸ್ತ್ರಿಯ ಒಂದು ಮಾತು ಅಲ್ಲಿಂದ ರೈಲಿನಲ್ಲಿ ಬಂದವರ ಬಾಯಲ್ಲಿ ಬಂತು: ಆ ಡಾಂಬರಿನ ಹುಡುಗನಿಗೆ ನನ್ನ ಹತ್ತಿರ ಬಾ ಅನ್ನಿ, ಹೇಂತೀನೂ ಕರಕೊಂಡು ಬಾ ಅನ್ನಿ.

ಅಂಬರಾಯ ಹೊರಟ. ಹರಿಗೋಲನ್ನು ಬಿಟ್ಟುಬರಲು ಮನಸ್ಸಾಗದೆ ಗಾಡಿಯ ಮೇಲೆ ಹೇರಿಕೊಂಡೇ ಹೊರಟ! ಹೊಳೆಯೇ ಇಲ್ಲದ ವಾಡಿಗೆ ಹರಿಗೋಲು ತಂದ ಗಂಡ ಹೆಂಡತಿಯನ್ನು ನೋಡಿ ಸ್ಟೇಷನ್ನಿನ ಹಮಾಲರು ಬಿದ್ದು ಬಿದ್ದು ನಕ್ಕರಂತೆ. ಮಿಸ್ತ್ರಿ ಮಾತ್ರ ನಗಲಿಲ್ಲ. ತನ್ನ ಅಂಗಳದ ಒಂದು ಮೂಲೆ ಬಿಟ್ಟುಕೊಟ್ಟ. ಮಿಸ್ತ್ರಿಯ ಹೆಂಡತಿ ರಶೀದಾಬೇಗಂ ಮೊದಲ ದಿನವೇ ಒಂದು ಸೇರು ಜೋಳ ತಂದು ಮಾಣಿಕಮ್ಮನ ಮೊರಕ್ಕೆ ಸುರಿದಳು. ಹರಿಗೋಲು ಬೋರಲಾಗಿ ಅವರ ಆಡಿನ ಮನೆಯ ಸೂರಾಯಿತು.

ಅದು ಸಿಮೆಂಟು ಹೊಸದಾಗಿ ಎಲ್ಲರ ಬಾಯಿಗೆ ಬಂದ ಕಾಲ. ಸುಣ್ಣ, ಬೆಲ್ಲದ ನೀರು, ಅಳಲೆಕಾಯಿ ಅಂತ ಬೆಳೆದ ಮಿಸ್ತ್ರಿ, ಆ ಬೂದಿ ಬಣ್ಣದ ಪುಡಿಯನ್ನು ಹೊಸ ಸೊಸೆಯನ್ನು ನೋಡುವ ಹಾಗೆ ನೋಡುತ್ತ ನೋಡುತ್ತ ಅದರ ಸ್ವಭಾವ ಕಲಿತಿದ್ದ. ಕಲಿತದ್ದನ್ನೆಲ್ಲ ಅಂಬರಾಯನಿಗೆ ಧಾರೆ ಎರೆದ. "ಸಿಮೆಂಟು ಕೂಸಿದ್ದಂಗ. ಹುಟ್ಟಿದ ಕೂಡ್ಲೆ ಹೊಟ್ಟಿತುಂಬ ನೀರು ಕುಡಿಸಬೇಕು, ಹುಲ್ಲು ಹೊಚ್ಚಿ ಬಿಸಲಿಂದ ಕಾಯಬೇಕು. ಆವಾಗ ಬಿಟ್ಟಿ ಅಂದ್ರ ದೊಡ್ಡದಾದ ಮ್ಯಾಲ ಮೈಯೆಲ್ಲ ಬಿರುಕು." ಗೋಡೆ ಮತ್ತು ನೆಲ ಸೇರುವ ಮೂಲೆಯನ್ನು ಹಾಗೇ ಬಿಡಬಾರದು, ನೀರು ಮೊದಲು ಕಳ್ಳನ ಹಾಗೆ ನುಗ್ಗುವುದು ಅಲ್ಲೇ, ಅಲ್ಲಿ ಗಾರೆಯನ್ನು ಗುಂಡಗೆ ತಿದ್ದಿ ಗೋಲಾ ಹೊಡೆಯಬೇಕು. ಅಂಬರಾಯನಿಗೆ ಇದೆಲ್ಲ ಹೊಸದು ಅನ್ನಿಸಲೇ ಇಲ್ಲ. ಹರಿಗೋಲಿಗೆ ಮೂಲೆಯೇ ಇರುವುದಿಲ್ಲವಲ್ಲ! ಅವನು ಪ್ರತಿ ಮಾತಿಗೂ "ಹೌದು ಮಾಮಾ, ನಮ್ಮಲ್ಲೂ ಹಂಗೇ" ಅನ್ನುತ್ತಿದ್ದ. ಮಿಸ್ತ್ರಿಗೆ ಅದೇ ಸಂತೋಷ.

ಹೀಗಿರುವಾಗ ಹೈದರಾಬಾದಿನ ಪಾರ್ಸಿ ಜಹಾಂಗೀರ ಸೇಠ್ ವಾಡಿಯ ಹೊರಗೆ ಶೇಂಗಾ ಎಣ್ಣೆಯ ಗಿರಣಿ ಕಟ್ಟಿಸಿದ. ವ್ಯಾಗನ್ನು ಸಿಗುವ ತನಕ ಎಣ್ಣೆ ತುಂಬಿಡಲು ಅವನಿಗೆ ನೆಲದೊಳಗೆ ಒಂದು ದೊಡ್ಡ ಟಾಕಿ ಬೇಕಿತ್ತು. ಗಾಡಿ ಸಮೇತ ಒಂದು ಜೋಡಿ ಎತ್ತು ಒಳಗೆ ಸುತ್ತು ತಿರುಗುವಷ್ಟು ದೊಡ್ಡ, ದುಂಡನೆಯ ಕಾಂಕ್ರೀಟ್ ಟಾಕಿ. ವಾಡಿಯ ನೆಲ ಗೊತ್ತಲ್ಲ, ಒಂದು ಆಳುದ್ದ ತೋಡಿದರೆ ಹಾಸುಬಂಡೆ. ಬಂಡೆ ಒಡೆದು ಹೊಂಡ ಮಾಡಿದರು. ಸೇಠ್‌ಗೆ ಒಂದೇ ಹೆದರಿಕೆ. ಮಳೆಗಾಲದಲ್ಲಿ ಹೊರಗಿನ ನೀರು ಗೋಡೆಯೊಳಗೆ ಜಿನುಗಿ ಎಣ್ಣೆಗೆ ಸೇರಿದರೆ, ಅಷ್ಟೂ ಎಣ್ಣೆ ಕಮಟು.

ಮಿಸ್ತ್ರಿ ಗಾರೆ ಮೆತ್ತುವ ತನ್ನ ಕರಣಿಯನ್ನು ಎತ್ತಿ ಹಿಡಿದ. ಹಿಡಿಕೆ ಸವೆದು ಅವನ ಅಂಗೈಯ ಆಕಾರಕ್ಕೇ ಬಂದಿದ್ದ ಕರಣಿ ಅದು, ಅವನ ಅಪ್ಪನದು. "ಸೇಠ್, ಜಬಾನು ಕೊಡ್ತೀನಿ. ಈ ಟಾಕ್ಯಾಗ ಹೊರಗಿನ ಒಂದು ಹನಿ ಬಂದ್ರ ಈ ಕರಣಿ ನಿಮ್ಮ ಮುಂದ ಇಟ್ಟು ಹೋಗ್ತೀನಿ. ಮತ್ತ ಹಿಡಿಯಂಗಿಲ್ಲ."

ಅಂಬರಾಯ ಎದೆಯುಬ್ಬಿಸಿ ಪಕ್ಕದಲ್ಲೇ ನಿಂತಿದ್ದ. ಅವನಿಗೆ ಆ ಟಾಕಿ ಟಾಕಿಯಾಗಿ ಕಾಣಲೇ ಇಲ್ಲ. ನೀರು ಹೊರಗೆ, ಸರಕು ಒಳಗೆ. ಅಂದಮೇಲೆ ಅದು ಹರಿಗೋಲಲ್ಲದೆ ಮತ್ತೇನು? ಆ ಉತ್ಸಾಹದಲ್ಲೇ ಅವನು ಎಡವಿದ್ದು. ಟಾಕಿಯ ಬುಡದಲ್ಲಿ ಸುತ್ತಲೂ ಒಂದು ಅಗಲವಾದ ಪಾದ ಹೊರಚಾಚಿರಬೇಕು ಅಂತ ಮಿಸ್ತ್ರಿಯ ಲೆಕ್ಕ. ಅಂಬರಾಯ ಒಪ್ಪಲಿಲ್ಲ.

"ಪಾದ ಯಾಕ ಮಾಮಾ? ಆ ಸಂದ್ಯಾಗ ಡಾಂಬರ ಸರಿ ಕುಂದ್ರಂಗಿಲ್ಲ. ಅಲ್ಲೇ ಸೋರತದ. ಬುಡ ದುಂಡಗ ಮಾಡೋಣು, ಹೊರಗ ನುಣ್ಣಗ ಮಾಡೋಣು. ಮ್ಯಾಲ ತಟ್ಟು, ಡಾಂಬರು."

"ಪಾದ ಇದ್ರ ಮಣ್ಣು ಅದನ್ನ ತುಳದು ಹಿಡೀತದಲೇ."

"ಇಷ್ಟು ದೊಡ್ಡ ಕಲ್ಲಿನಂಥ ಟಾಕಿ ಎಲ್ಲಿ ಓಡಿ ಹೋಗ್ತದರಿ?"

ಮಿಸ್ತ್ರಿ ಗಡ್ಡ ಕೆರೆದುಕೊಂಡ, ನಕ್ಕ, ಹುಡುಗನ ಮಾತು ನಡೆಯಲಿ ಅಂದ. ಪಾದವಿಲ್ಲದ, ಗುಂಡು ಬುಡದ, ಎಮ್ಮೆಯ ಬೆನ್ನಿನ ಹಾಗೆ ಮಿರಮಿರ ಮಿನುಗುವ ಟಾಕಿ ಎದ್ದು ನಿಂತಿತು. ಒಳಗೆ ನುಣುಪು ಗಾರೆ, ಹೊರಗೆ ಪದರು ಪದರು ಡಾಂಬರು. ಸುತ್ತಲಿನ ಸಂದಿಗೆ ಮಣ್ಣು ತುಂಬಿ, ಮೇಲೆ ತಗಡಿನ ಚಪ್ಪರ ಹಾಕಿದರು. ಮುಚ್ಚಳದ ಕೆಲಸ ಮಾತ್ರ ಸೇಠ್ ಬಂದು ನೋಡಿದ ಮೇಲೆ ಅಂತ ಉಳಿಯಿತು.

ಮೃಗಶಿರ ಮಳೆ ಧೋ ಅಂತ ಸುರಿಯುತ್ತಿತ್ತು, ಮರುದಿನ ಸೇಠ್ ರೈಲಿನಲ್ಲಿ ಬರುವವನಿದ್ದ. ಅಂಬರಾಯ ಮಧ್ಯಾಹ್ನ ಮನೆಗೆ ಓಡಿಬಂದ. "ಏ ಮಾಣಿಕಾ, ಬುತ್ತಿ ಕಟ್ಟು. ಟಾಕ್ಯಾಗ ಕುಂದ್ರಬೇಕು."

"ಹೊಳ್ಯಾಗ ಕುಂದರಿಸಿದ್ದು ಸಾಲಲಿಲ್ಲೇನು? ಈಗ ಕುಣ್ಯಾಗ ಇಳಸ್ತೀರಿ?"

ಅಂದಳಷ್ಟೆ, ರೊಟ್ಟಿ, ಪುಂಡಿಪಲ್ಯ, ಚರಿಗೆ ತುಂಬ ನೀರು ಎಲ್ಲ ಕಟ್ಟಿಕೊಂಡು ಅವನಿಗಿಂತ ಮೊದಲೇ ನಡೆದಳು. ಅವಳೂ ನಾಲವಾರದ ಕಡೆಯ ಅಂಬಿಗರ ಮಗಳು, ರೂಢಿ ಅಂದರೆ ರೂಢಿ. ಏಣಿ ಇಳಿದು ಇಬ್ಬರೂ ಟಾಕಿಯ ತಳದಲ್ಲಿ ಚಾಪೆ ಹಾಸಿ ಕೂತರು. ಮೇಲೆ ತಗಡಿನ ಮೇಲೆ ಮಳೆ ಡೋಲು ಬಡಿಯುತ್ತಿತ್ತು. ಕೈ ಆಡಿಸಿದಲ್ಲೆಲ್ಲ ಗೋಡೆ ಒಣಗಿತ್ತು, ತಳ ಒಣಗಿತ್ತು. ಗಿರಣಿಯ ಕಾವಲುಗಾರ ಸಾಯಬಣ್ಣ ಮೇಲಿನಿಂದ ಇಣುಕಿ ಹಾಕಿ, "ಏನ್ ಅಂಬರಾಯಾ, ಮನಿ ಬಿಟ್ಟು ಇಲ್ಲೇ ಸಂಸಾರ ಹೂಡಿದೇನು?" ಅಂತ ಕಿಚಾಯಿಸಿದ. ಅವನ ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದ ಮಿಸ್ತ್ರಿ ಮಗುವಿನ ಹಾಗೆ ಖುಷಿಯಾಗಿದ್ದ.

ರೊಟ್ಟಿ ಮುರಿಯುತ್ತಿದ್ದ ಮಾಣಿಕಮ್ಮನ ಕೈ ನಿಂತಿತು.

"ಏನ್ರಿ..."

"ಏನ?"

"ಇದು ತೇಲಾಕತ್ತದ."

ಅಂಬರಾಯ ನಗಲು ಬಾಯಿ ತೆರೆದ. ಆದರೆ ಅವನ ಅಂಗಾಲೂ ಅದನ್ನೇ ಹೇಳಿತು! ದಂಡೆಯ ಕೆಸರಿನಿಂದ ಹರಿಗೋಲು ಬಿಡಿಸಿಕೊಳ್ಳುವಾಗ ತಳದಲ್ಲಿ ಒಂದು ಸಣ್ಣ ಸಡಿಲ, ಒಂದು ಉಸಿರು ಬರುತ್ತದಲ್ಲ, ಥೇಟ್ ಅದೇ. ಹುಟ್ಟಿದಾಗಿನಿಂದ ನೀರಿನ ಮೇಲೆ ಕೂತವರಿಗೆ ಬಿಟ್ಟು ಬೇರೆ ಯಾರಿಗೂ ತಿಳಿಯದ ಸಂಗತಿ. ಮಾಣಿಕಮ್ಮ ಚರಿಗೆಯ ಕಡೆ ಬೆರಳು ಮಾಡಿದಳು. ಒಳಗಿನ ನೀರು ಒಂದು ಕಡೆಯ ಕಂಠಕ್ಕೆ ವಾಲಿ ನಿಂತಿತ್ತು.

ಅಂಬರಾಯನಿಗೆ ಎಲ್ಲ ಒಮ್ಮೆಗೇ ಹೊಳೆಯಿತು. ಬಂಡೆಯಲ್ಲಿ ಕಡಿದ ಹೊಂಡ ಒಂದು ದೊಡ್ಡ ಬೋಗುಣಿ. ಮಳೆಯ ನೀರು ಸುತ್ತಲಿನ ಸಡಿಲ ಮಣ್ಣಿನಲ್ಲಿ ಇಳಿದು ಅಲ್ಲೇ ನಿಂತಿದೆ, ಹೋಗಲು ದಾರಿಯಿಲ್ಲ. ಬೋಗುಣಿಯ ನೀರಿನಲ್ಲಿ ಖಾಲಿ ಹರಿಗೋಲು. ಪಾದವಿಲ್ಲ, ಮಣ್ಣಿಗೆ ಹಿಡಿತವಿಲ್ಲ, ನುಣ್ಣನೆಯ ಮೈ. ಏಳದೆ ಏನು ಮಾಡುತ್ತದೆ? ಒಂದು ಹನಿ ಸೋರಿದ್ದರೂ ಇಷ್ಟು ಚಂದ ಏಳುತ್ತಿರಲಿಲ್ಲ!

"ಮಾಮಾ! ಟಾಕಿ ಎದ್ದದ!"

ಮೇಲೆ ಮಿಸ್ತ್ರಿ ಆಗಲೇ ನೋಡಿದ್ದ. ಸುತ್ತ ಹಾಸಿದ್ದ ಫರಸಿ ಕಲ್ಲಿಗೆ ಸಮನಾಗಿದ್ದ ಟಾಕಿಯ ಅಂಚು ಈಗ ಅಂಗೈಯಷ್ಟು ಮೇಲಿತ್ತು. ಅವನ ಮುಖ ಸುಣ್ಣವಾಗಿತ್ತು. ಮಾಣಿಕಮ್ಮನನ್ನು ಮೊದಲು ಏಣಿ ಹತ್ತಿಸಿ ಅಂಬರಾಯ ಮೇಲೆ ಬಂದ.

"ಇನ್ನಷ್ಟು ಎದ್ರ ವಾಲತದ, ವಾಲಿದ್ರ ಸೀಳತದ. ತೂಕ ಬೇಕು ಮಾಮಾ, ಈಗಿಂದೀಗ ತೂಕ ಬೇಕು."

"ಕಲ್ಲು ಹೇರೋಣೇನು?"

"ಕಲ್ಲು ಇಳಸೋದ್ರಾಗ ಹೊತ್ತಾಗತದ. ನೀರೇ ಬೇಕು. ಒಳಗ ನೀರು ಬಿಡಬೇಕು."

ಆ ಮಾತು ಆಡಿದ ಮೇಲೇ ಅಂಬರಾಯನಿಗೆ ಅದರ ಅರ್ಥ ಹೊಳೆದದ್ದು. ಒಂದು ಹನಿಯೂ ಬರದು ಅಂತ ಮಿಸ್ತ್ರಿ ಕರಣಿ ಎತ್ತಿ ಹಿಡಿದ ಟಾಕಿ. ನಾಳೆ ಸೇಠ್ ಬಂದು ಇಣುಕಿದರೆ ತುಂಬ ನೀರು. ಸೋರಿದ ನೀರೋ ಬಿಟ್ಟ ನೀರೋ ಯಾರು ಹೇಳಬೇಕು? ಹೊಳೆ ಕೈಬಿಟ್ಟಾಗ ಕೈಹಿಡಿದವನ ಮಾತು, ಅವನ ಅಪ್ಪನ ಕರಣಿ, ಎಲ್ಲ ತನ್ನ ಹಟದಿಂದ ಮುಳುಗುತ್ತದೆ.

ಮಿಸ್ತ್ರಿ ಕೊಡೆ ಬಿಸಾಡಿ ಹತ್ತಿರ ಬಂದ. "ನೀರಿನ ವಿಷಯ ನಿನಗ ಗೊತ್ತು, ನನಗ ಗೊತ್ತಿಲ್ಲ. ಬಿಡು."

"ನಿಮ್ಮ ಜಬಾನು, ಮಾಮಾ..."

"ಜಬಾನು ನನ್ನ ಬಾಯ್ಯಾಗ ಅದ, ಎಲ್ಲೂ ಹೋಗಂಗಿಲ್ಲ. ಟಾಕಿ ಹೊಂಟದ, ಅದನ್ನ ಹಿಡಿ!"

ಗಿರಣಿಯ ಉದ್ದನೆಯ ಮಾಳಿಗೆಯ ನೀರೆಲ್ಲ ಒಂದು ತಗಡಿನ ಕಾಲುವೆಯಲ್ಲಿ ಬಂದು ಹೊರಗೆ ಬೀಳುತ್ತಿತ್ತು. ಅಂಬರಾಯ, ಸಾಯಬಣ್ಣ ಇಬ್ಬರೂ ಅದರ ಬಾಯಿ ಮುರಿದು ಟಾಕಿಯ ಕಡೆ ತಿರುಗಿಸಿದರು. ಮಾಣಿಕಮ್ಮ ತಗಡೊಂದನ್ನು ಅಡ್ಡ ಹಿಡಿದು ಹೊಯ್ಯುವ ನೀರನ್ನು ಒಳಗೆ ದೂಡಿದಳು, ತೊಯ್ದು ತೊಪ್ಪೆಯಾದಳು, ಬೈಯುತ್ತಲೇ ಇದ್ದಳು. ಮಿಸ್ತ್ರಿ ಮಂಡಿಯೂರಿ ಅಂಚಿನ ಮೇಲೆ ಕೈಯಿಟ್ಟು ಕೂತ. ನೀರು ಮೊಣಕಾಲು ಮಟ್ಟಕ್ಕೆ ಬಂತು, ಸೊಂಟಕ್ಕೆ ಬಂತು. ಆಮೇಲೆ, ಸಂತೆಯಿಂದ ದಣಿದು ಬಂದ ಎಮ್ಮೆ ಕೆಸರಿನಲ್ಲಿ ಕೂರುವ ಹಾಗೆ, ಟಾಕಿ ನಿಧಾನಕ್ಕೆ ಕೂತಿತು. ಪೂರಾ ಮೊದಲಿನ ಹಾಗೆ ಅಲ್ಲ. ಬುಡಕ್ಕೆ ಮಣ್ಣು ಸರಿದಿತ್ತು, ಪಡುವಣ ಕಡೆ ತುಸು ವಾಲಿತ್ತು. ಆದರೆ ಕೂತಿತು!

ಮರುದಿನ ಮಳೆ ನಿಂತಿತ್ತು. ಜಹಾಂಗೀರ ಸೇಠ್ ಬಂದ, ಇಣುಕಿದ, ಟೋಪಿ ತೆಗೆದ. "ಮಿಸ್ತ್ರಿ, ಯೇ ಕ್ಯಾ ಹೈ? ಎಣ್ಣಿ ಟಾಕಿ ಕಟ್ಟು ಅಂದ್ರ ಕೆರಿ ಕಟ್ಟೀರಿ!"

ಮಿಸ್ತ್ರಿ ಕರಣಿಯನ್ನು ಸೇಠ್‌ನ ಮುಂದೆ ಫರಸಿಯ ಮೇಲೆ ಇಟ್ಟ. ಅಂಬರಾಯ ಮುಂದೆ ಬಂದು, "ತಪ್ಪು ನಂದು ಸೇಠ್. ಪಾದ ಬ್ಯಾಡ ಅಂದಾವ ನಾ. ಟಾಕಿ ತೇಲಿತು, ನೀರು ನಾನೇ ಬಿಟ್ಟೆ" ಅಂದ.

"ಹುಡುಗನ ಮಾತಿಗೆ ಹೂಂ ಅಂದಾವ ಯಾರು?" ಮಿಸ್ತ್ರಿ ಅಡ್ಡ ಬಂದ. "ನಾ ಅಂದೆ. ಕರಣಿ ನಂದೇ."

ಸೇಠ್ ಇಬ್ಬರನ್ನೂ ನೋಡಿದ. ವ್ಯಾಪಾರದ ಮನುಷ್ಯ, ತಲೆ ತಣ್ಣಗಿತ್ತು. "ಕಾಂಕ್ರೀಟು ತೇಲಿತು ಅಂತೀರಿ. ನಾ ಹ್ಯಾಂಗ ನಂಬಲಿ?"

"ನಂಬಬ್ಯಾಡ್ರಿ. ನೋಡ್ರಿ," ಅಂದ ಅಂಬರಾಯ. "ಸೋರೋ ಟಾಕಿ ಆದ್ರ ಹೊರಗಿನ ನೀರು ಒಳಗ ಬಂದಂಗ ಒಳಗಿಂದು ಹೊರಗ ಹೋಗಬೇಕು. ಹೊರಗಿನ ಮಣ್ಣು ಬರಿದು ಮಾಡ್ತೀನಿ, ನೀರು ಎತ್ತಿ ಹಾಕ್ತೀನಿ. ಒಳಗ ನೀರಿನ ಮಟ್ಟಕ್ಕ ಸುತ್ತ ಗೆರಿ ಎಳೀತೀನಿ. ಚಪ್ಪರದ ಬಾಗಲಕ್ಕ ಕೀಲಿ ನೀವು ಹಾಕ್ರಿ. ನಾಳಿ ಮುಂಜಾನಿ ಗೆರಿ ಬಿಟ್ಟು ನೀರು ಕೆಳಗ ಹೋಗಿದ್ರ, ಕರಣಿ ನಿಮ್ದು."

ದಿನವಿಡೀ ಹಮಾಲರು ಸುತ್ತಲಿನ ಕೆಸರು ಬಗೆದು ನೀರು ಹೊರಹಾಕಿದರು. ಆಡಿನ ಮನೆಯ ಸೂರು ಕಳಚಿ ಬಂತು. ಎಷ್ಟೋ ವರ್ಷಗಳ ಮೇಲೆ ಅಂಬರಾಯನ ಹರಿಗೋಲು ಟಾಕಿಯೊಳಗೆ ಇಳಿದು ನೀರು ಕಂಡಿತು! ಮಾಣಿಕಮ್ಮ ಹುಟ್ಟು ಹಿಡಿದಳು, ಅಂಬರಾಯ ಗೋಡೆಯ ಸುತ್ತ ಕೆಮ್ಮಣ್ಣಿನ ಗೆರೆ ಎಳೆದ. ಸೇಠ್ ಕೀಲಿ ಹಾಕಿ, ಚಾವಿ ಜೇಬಿನಲ್ಲಿ ಇಟ್ಟುಕೊಂಡ.

ಬೆಳಿಗ್ಗೆ ಕೀಲಿ ತೆಗೆದಾಗ ಏಣಿಯ ಬಳಿ ಗೆರೆ, ನೀರು ಒಂದಕ್ಕೊಂದು ತಾಗಿಕೊಂಡೇ ಇದ್ದವು. ಅಂಬರಾಯ ಹರಿಗೋಲಿಗೆ ಕಾಲಿಟ್ಟ. ಸೇಠ್ ತಡೆದ. "ಸುತ್ತ ನೋಡಬೇಕು. ವಾಲಿದ ಕಡಿ ಸೀಳು ಬಿಟ್ಟದೇನು ಅಂತ ಕೈ ಹಾಕಿ ನೋಡಬೇಕು. ಆದ್ರ ನೀ ಅಲ್ಲ. ಜಬಾನು ಯಾರು ಕೊಟ್ಟಾರ, ಅವರೇ ನೋಡಿ ಹೇಳಬೇಕು."

ಎಲ್ಲರೂ ಮಿಸ್ತ್ರಿಯ ಕಡೆ ತಿರುಗಿದರು. ಆ ಮುದುಕ ಏಣಿಯಿಂದ ಒಂದು ಹೆಜ್ಜೆ ಹಿಂದೆ ಸರಿದದ್ದು ಅಂಬರಾಯನಿಗೆ ಮಾತ್ರ ಕಾಣಿಸಿತು.

"ಮಾಮಾ, ಬ್ಯಾಡ್ರಿ. ನಾ ಸೇಠ್‌ಗೆ ಹೇಳ್ತೀನಿ."

"ನಿಮ್ಮ ರೂಢಿ ಏನು ಹೇಳ್ತದ? ಹಚ್ಚಿದಾವ ಮೊದಲ ಕುಂದ್ರಬೇಕು, ಹೌದಿಲ್ಲೊ?" ಅಂದ ಮಿಸ್ತ್ರಿ. "ನನಗ ರಶೀದಾನ್ನ ಕರಕೊಂಡು ಬಾ ಅನಬ್ಯಾಡ, ಆಕಿ ನನ್ನನ್ನೇ ಮುಳುಗಸ್ತಾಳ. ಹಿಡಿ ಕೈ."

ಏಣಿ ಇಳಿದು ಅವನು ಹರಿಗೋಲಿನಲ್ಲಿ ಕೂತ. ಎರಡೂ ಕೈಯಿಂದ ಅಂಚು ಹಿಡಿದು, ಹಳೆಯ ಹಾಗೆಯೇ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ. ಅಂಬರಾಯ ಹುಟ್ಟು ಹಿಡಿದ.

ಆಮೇಲೆ ನಡೆದದ್ದು ಬಹಳ. ಮಳೆಗಾಲ ಕಳೆದ ಮೇಲೆ ಆ ಟಾಕಿಯ ಬುಡ ಬಗೆದು ಸುತ್ತ ಭಾರಿ ಪಾದ ಕಟ್ಟಿದರು. ಅದು ವಾಲಿದ ಹಾಗೇ ಉಳಿಯಿತು, ಗಿರಣಿಯವರು ಅದನ್ನು ಅಂಬರಾಯನ ಹರಿಗೋಲು ಅಂತಲೇ ಕರೆದರು. ಅಂಬರಾಯ ಶಹಾಬಾದ, ಸೇಡಂ, ಚಿಂಚೋಳಿ ತನಕ ಗಿರಣಿ, ಗೋದಾಮು, ಹೌದ ಅಂತ ಕೆಲಸ ಮಾಡಿದ. ಮಿಸ್ತ್ರಿಯ ಕೈ ನಡುಗಲು ಶುರುವಾದ ವರ್ಷ ಆ ಕರಣಿ ಅಂಬರಾಯನ ಕೈಗೆ ಬಂತು. ನಿಜಾಮರ ರಾಜ್ಯ ಮುಗಿದ ವರ್ಷವೂ ಅವನು ಅದೇ ಕರಣಿಯಿಂದ ಕೊಡ್ಲಿಯ ಹತ್ತಿರ ಒಂದು ಹೌದಕ್ಕೆ ಗೋಲಾ ಹೊಡೆಯುತ್ತಿದ್ದ. ಎಲ್ಲಿ ಹೋದರೂ ಮೊದಲು ಬುಡದ ಪಾದ ಕಟ್ಟುವುದು, ಮೊದಲ ಬೊಗಸೆ ಕಾಂಕ್ರೀಟನ್ನು ಅಲ್ಲಿ ಒತ್ತುವಾಗ "ಮಾಮಾ, ನಿಮ್ಮ ಮಾತು" ಅನ್ನುವುದು, ಆ ಕೈಯನ್ನು ಹಣೆಗೆ ಒತ್ತಿಕೊಳ್ಳುವುದು. ಜೊತೆಯವರು ಹಣೆಯ ಮೇಲಿನ ಸಿಮೆಂಟು ನೋಡಿ ನಗುತ್ತಿದ್ದರು. ಒರೆಸಿಕೊಳ್ಳುತ್ತಿರಲಿಲ್ಲ.

ಅದೆಲ್ಲ ಆಮೇಲಿನ ಮಾತು. ಆ ಬೆಳಿಗ್ಗೆ, ಎಣ್ಣೆಯ ಟಾಕಿಯ ನೀರಿನ ಮೇಲೆ ಹರಿಗೋಲು ಮೆಲ್ಲಗೆ ಗೋಡೆಯ ಹತ್ತಿರ ಬಂತು.

"ಕಣ್ಣ ತೆಗಿರಿ ಮಾಮಾ. ಮುಚ್ಚಿಕೊಂಡು ಹ್ಯಾಂಗ ಸಾಕ್ಷಿ ಹೇಳ್ತೀರಿ?"

ಮಿಸ್ತ್ರಿ ಒಂದು ಕಣ್ಣು ತೆರೆದ. ಆಮೇಲೆ ಇನ್ನೊಂದು. ಕೆಂಪು ಗೆರೆ ಅವನ ಮೂಗಿನ ಮುಂದೆಯೇ ಇತ್ತು, ಅದರ ಕೆಳ ಅಂಚಿಗೆ ನೀರು ಮುತ್ತಿಟ್ಟ ಹಾಗೆ ನಿಂತಿತ್ತು. ಅವನು ಅಂಚು ಬಿಟ್ಟು ಒಂದು ಕೈ ಚಾಚಿದ, ಗೋಡೆ ಸವರಿದ. ನೀರಿನೊಳಗೆ ಕೈ ಇಳಿಸಿ, ಎಟುಕಿದಷ್ಟು ಕೆಳಗೂ ಸವರಿದ. ಹರಿಗೋಲು ಸುತ್ತ ತಿರುಗಿತು. ವಾಲಿದ ಕಡೆ ಬಂತು, ಅಲ್ಲೂ ಗೆರೆ, ಅಲ್ಲೂ ನೀರು, ಎಲ್ಲೂ ಕೂದಲೆಳೆಯಷ್ಟು ಸೀಳಿಲ್ಲ.

"ಸೇಠ್!" ಅವನ ದನಿ ಟಾಕಿಯೊಳಗೆ ಗುಮ್ಮಟದಲ್ಲಿ ಕೂಗಿದ ಹಾಗೆ ಮೊಳಗಿತು. "ಗೆರಿ ಇದ್ದಲ್ಲೇ ಅದ. ನೀರು ಇದ್ದಲ್ಲೇ ಅದ!"

ಮೇಲೆ ಸೇಠ್ ಬಗ್ಗಿ ಫರಸಿಯ ಮೇಲಿನ ಕರಣಿ ಎತ್ತಿಕೊಂಡ, ಕೋಟಿನ ತೋಳಿಗೆ ಒರೆಸಿದ, ಏಣಿಯ ಮೊದಲ ಮೆಟ್ಟಿಲ ಮೇಲೆ ಇಟ್ಟ. "ಬಂದು ತಗೋರಿ ಮಿಸ್ತ್ರಿ," ಅಂದ.

ಅಂಬರಾಯ ಏಣಿಯ ಕಡೆ ಹುಟ್ಟು ತಿರುಗಿಸಿದ. ಅವನ ಕಣ್ಣು ಮಂಜಾಗಿ ಏಣಿ ಎರಡೆರಡಾಗಿ ಕಾಣುತ್ತಿತ್ತು. ಮಿಸ್ತ್ರಿ ಅವನ ಮೊಣಕೈ ಹಿಡಿದು ತಡೆದ. ಅಂಗೈಯಿಂದ ನೀರನ್ನು ಒಮ್ಮೆ ಚಪ್ಪರಿಸಿದ, ಕೂಸಿನ ಬೆನ್ನು ತಟ್ಟಿದ ಹಾಗೆ.

"ಗಡಿಬಿಡಿ ಯಾಕಲೇ? ಇನ್ನೊಂದು ಸುತ್ತು ಹಾಕು."